ಸ್ಪ್ರೇ ಬೂತಿನಲ್ಲಿ 9 ವರ್ಷ, ವೀರ್ಯಾಣು ಕೌಂಟ್ 60 ಲಕ್ಷ. ಥಿನ್ನರ್ ಕಾರಣ ಇರಬಹುದಾ?

ಬೂತ್‌ಮನ್_ಪೀಣ್ಯ
ಎಲ್ಲರಿಗೂ ನಮಸ್ಕಾರ. ಇದನ್ನು ಎಲ್ಲಿ ಕೇಳಬೇಕೋ ಗೊತ್ತಾಗಲಿಲ್ಲ, ಮನೆಯಲ್ಲಂತೂ ಕೇಳುವ ಹಾಗಿಲ್ಲ. ನನಗೆ 33. ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಕರೆಂಟ್ ಪ್ಯಾನಲ್ ಡಬ್ಬಗಳಿಗೆ ಸ್ಪ್ರೇ ಪೇಂಟ್ ಹೊಡೆಯುವ ಕೆಲಸ, 9 ವರ್ಷ ಆಯಿತು. ಮದುವೆಯಾಗಿ 4 ವರ್ಷ, ಮಕ್ಕಳಿಲ್ಲ. ಮೂರು ವರ್ಷ ಹೆಂಡತಿಗೇ ಸ್ಕ್ಯಾನು, ರಕ್ತ ಪರೀಕ್ಷೆ, ಮಾತ್ರೆ. ಅವಳದೆಲ್ಲ ಸರಿ ಇದೆ ಅಂದ ಮೇಲೆ ಹೋದ ತಿಂಗಳು ನನ್ನದು ಮಾಡಿಸಿದೆವು. ಕೌಂಟ್ ಒಂದು ಮಿಲಿಗೆ 60 ಲಕ್ಷ, ಚಲನೆ 18 ಪರ್ಸೆಂಟ್. ಡಾಕ್ಟರು ಸಿಗರೇಟು ಕೇಳಿದರು, ಎಣ್ಣೆ ಕೇಳಿದರು, ಬಿಗಿ ಜೀನ್ಸ್ ಹಾಕುತ್ತೀರಾ ಅಂತಲೂ ಕೇಳಿದರು. ಏನು ಕೆಲಸ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬೂತ್ ಅಂದರೆ ದೊಡ್ಡದೇನೂ ಅಲ್ಲ. ಮೂರು ಕಡೆ ತಗಡು, ಒಂದು ಎಕ್ಸಾಸ್ಟ್ ಫ್ಯಾನು, ಅದರ ರೆಕ್ಕೆ ಮೇಲೂ ಅರ್ಧ ಇಂಚು ಪೇಂಟು ಕೂತಿದೆ. ಸಂಜೆ ಕೈ ತೊಳೆಯುವುದೂ ಪೇಂಟ್ ತೆಳು ಮಾಡುವ ಥಿನ್ನರಿನಲ್ಲೇ. ನಾವು ನಾಲ್ಕು ಜನ ಪೇಂಟರುಗಳು. ನಾಲ್ವರಿಗೂ ಮದುವೆಯಾಗಿದೆ. ಮಗು ಇರುವುದು ಒಬ್ಬನಿಗೆ ಮಾತ್ರ, ಅದೂ ಅವನು ಈ ಕೆಲಸಕ್ಕೆ ಬರುವ ಮೊದಲೇ ಹುಟ್ಟಿದ್ದು. ಇದು ನನಗೆ ಹೊಳೆದದ್ದೇ ರಿಪೋರ್ಟ್ ಬಂದ ಮೇಲೆ. ಥಿನ್ನರಿಂದ ಹೀಗಾಗುತ್ತದಾ? ಗೊತ್ತಿದ್ದವರು ಹೇಳಿ.

ಹಾಸನ_ಹೈದ
ಮೊದಲು ಕೆಲಸ ಬಿಡಿ ಗುರು. ಜೀವಕ್ಕಿಂತ ದೊಡ್ಡದಾ?

ಇಎಂಐ_ಇರುವವನು
ಹಾಸನ_ಹೈದ ಅವರೇ, ಬಾಡಿಗೆ ನೀವು ಕಟ್ಟುತ್ತೀರಾ?

ಗ್ಯಾರೇಜ್_ಮಗ
ಸುಮ್ನೆ ಹೆದರಿಸಬೇಡಿ. ನಮ್ಮಪ್ಪ ತುಮಕೂರಿನ ಗ್ಯಾರೇಜಿನಲ್ಲಿ 30 ವರ್ಷ ಕಾರಿಗೆ ಪೇಂಟ್ ಹೊಡೆದವರು, ಬಾಯಿಗೆ ಕರ್ಚೀಫ್ ಕೂಡ ಕಟ್ಟುತ್ತಿರಲಿಲ್ಲ. ನಾವು ಐದು ಜನ ಮಕ್ಕಳು. ಈಗಿನವರು ಮೊಬೈಲ್ ಜೇಬಿನಲ್ಲಿಟ್ಟುಕೊಂಡು, ಮೈದಾ ತಿಂದುಕೊಂಡು, ಕೊನೆಗೆ ಥಿನ್ನರಿನ ಮೇಲೆ ಹಾಕುತ್ತಾರೆ.

ಲ್ಯಾಬ್_ಅಕ್ಕ
ನಾನು ಲ್ಯಾಬ್ ಟೆಕ್ನಿಷಿಯನ್, ದಿನಾ ಇದೇ ಸ್ಯಾಂಪಲ್ ನೋಡುವವಳು. ಬೂತ್‌ಮನ್, ಒಂದೇ ರಿಪೋರ್ಟ್ ಹಿಡಿದುಕೊಂಡು ಏನೂ ತೀರ್ಮಾನ ಮಾಡಬೇಡಿ. ಒಬ್ಬನೇ ಮನುಷ್ಯನ ಕೌಂಟ್ ಈ ವಾರ ಒಂದು, ಮುಂದಿನ ತಿಂಗಳು ಇನ್ನೊಂದು ಇರುತ್ತದೆ. ಸ್ಯಾಂಪಲ್ ಕೊಡುವ ಮೊದಲು 2 ರಿಂದ 7 ದಿನ ಸಂಪರ್ಕ ಇರಬಾರದು. ಇದ್ದಿರಾ? ಮನೆಯಲ್ಲಿ ತೆಗೆದು ತಂದಿರಾ, ಲ್ಯಾಬಿನಲ್ಲೇ ಕೊಟ್ಟಿರಾ? ಗಂಟೆಯೊಳಗೆ ನಮ್ಮ ಕೈಗೆ ಬರಬೇಕು. ಗೊರಗುಂಟೆಪಾಳ್ಯ ಸಿಗ್ನಲ್ಲಿನಲ್ಲಿ ಒಂದು ಗಂಟೆ ನಿಂತು ಬಂದ ಸ್ಯಾಂಪಲ್ಲಿನಲ್ಲಿ ಚಲನೆ ಎಲ್ಲಿಂದ ಬರಬೇಕು ಹೇಳಿ. ಮೂರು ತಿಂಗಳಲ್ಲಿ ಜೋರು ಜ್ವರ ಬಂದಿದ್ದರೂ ಕೌಂಟ್ ಬೀಳುತ್ತದೆ.

ಅಂದಾಜಿಗೆ ಇರಲಿ: ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಗೆರೆ ಮಿಲಿಗೆ 1 ಕೋಟಿ 60 ಲಕ್ಷ, ಒಟ್ಟು ಚಲನೆ 42 ಪರ್ಸೆಂಟ್. ಗೆರೆಗಿಂತ ಕೆಳಗಿದ್ದರೆ ಮಗುವೇ ಆಗುವುದಿಲ್ಲ ಅಂತ ಅಲ್ಲ. ಕಷ್ಟ ಜಾಸ್ತಿ, ಅಷ್ಟೆ.

ಬೂತ್‌ಮನ್_ಪೀಣ್ಯ
ಅಕ್ಕ, ಲ್ಯಾಬಿನಲ್ಲೇ ಕೊಟ್ಟಿದ್ದು. ನಾಲ್ಕು ದಿನ ಬಿಟ್ಟಿದ್ದೆ. ಜ್ವರ ಬಂದಿರಲಿಲ್ಲ.

ಜಿಗಣಿ_ಕೆಮಿಸ್ಟ್
ಥಿನ್ನರ್ ಒಂದೇ ವಸ್ತು ಅಲ್ಲ. ಸಾಂಬಾರ್ ಪುಡಿ ಇದ್ದ ಹಾಗೆ, ಮಾಡುವವನದು ಅವನವನ ಹದ. ಟಾಲ್ವೀನ್, ಜೈಲೀನ್, ಬ್ಯೂಟೈಲ್ ಅಸಿಟೇಟ್, ಒಂದಿಷ್ಟು ಆಲ್ಕೋಹಾಲ್, ಕೀಟೋನ್, ಹೀಗೆ. ಅದಕ್ಕೇ ‘ಥಿನ್ನರಿಂದ ಆಗುತ್ತದಾ’ ಅಂತ ಕೇಳಿದರೆ ಉತ್ತರ ಇಲ್ಲ. ಯಾವ ಡಬ್ಬ, ಅದರೊಳಗೆ ಏನು ಅಂತ ಕೇಳಬೇಕು.

ಗಂಡಸರ ವೀರ್ಯದ ಮಟ್ಟಿಗೆ ಜಾಸ್ತಿ ಗಟ್ಟಿ ಪುರಾವೆ ಇರುವುದು ಗ್ಲೈಕಾಲ್ ಈಥರ್ ಅನ್ನುವ ಗುಂಪಿನ ಎರಡರ ಮೇಲೆ. 2-ಮೆಥಾಕ್ಸಿಎಥನಾಲ್ ಮತ್ತು 2-ಎಥಾಕ್ಸಿಎಥನಾಲ್. ಹಳೆಯ ಕಾಲದವರು ಮೀಥೈಲ್ ಸೆಲೋಸಾಲ್ವ್, ಸೆಲೋಸಾಲ್ವ್ ಅನ್ನುತ್ತಿದ್ದರು. ಪೇಂಟು ಗಡಿಬಿಡಿಯಲ್ಲಿ ಒಣಗದೆ ಸಮನಾಗಿ ಹರಡಿಕೊಳ್ಳಲಿ ಅಂತ ಹಾಕುವುದು. ಮೈಯೊಳಗೆ ಹೋದ ಮೇಲೆ ಲಿವರ್ ಇದನ್ನು ಮೆಥಾಕ್ಸಿ ಅಸಿಟಿಕ್ ಆಸಿಡ್, ಎಥಾಕ್ಸಿ ಅಸಿಟಿಕ್ ಆಸಿಡ್ ಮಾಡುತ್ತದೆ. ಕೆಡಿಸುವುದು ಈ ಆಸಿಡ್ಡುಗಳು. ವೃಷಣದಲ್ಲಿ ವೀರ್ಯಾಣು ಆಗುವ ದಾರಿಯಲ್ಲಿ ಅರ್ಧ ಬಂದಿರುವ ಕೋಶಗಳನ್ನು ಕೊಲ್ಲುತ್ತವೆ. ಬೀಜದ ಕೋಶ ಉಳಿದಿದ್ದರೆ ಮತ್ತೆ ಚಿಗುರುತ್ತದೆ, ಅದಕ್ಕೇ ಬಿಟ್ಟ ಮೇಲೆ ಸುಧಾರಿಸುವ ಅವಕಾಶ ಇದೆ. ಶುರುವಿನಿಂದ ಕೊನೆವರೆಗೆ ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಆಮೇಲೆ ಹೊರಗೆ ಬರುವ ಹಾದಿಗೆ ಒಂದೆರಡು ವಾರ. ಅಂದರೆ ನೀವು ಇವತ್ತು ಕೊಟ್ಟ ಸ್ಯಾಂಪಲ್ ಮೂರು ತಿಂಗಳ ಹಿಂದಿನ ಕಥೆ ಹೇಳುತ್ತದೆ.

ಪುರಾವೆ ಅಂದರೆ, 1988ರಲ್ಲಿ ಅಮೆರಿಕದ ಒಂದು ಹಡಗು ಕಟ್ಟೆಯಲ್ಲಿ 73 ಪೇಂಟರುಗಳನ್ನೂ ಬೇರೆ ಕೆಲಸದ 40 ಜನರನ್ನೂ ಹೋಲಿಸಿ ನೋಡಿದರು. ಕೌಂಟ್ ಕಡಿಮೆ ಇದ್ದವರು ಪೇಂಟರುಗಳಲ್ಲೇ ಜಾಸ್ತಿ. 2008ರಲ್ಲಿ ಬ್ರಿಟನ್ನಿನ ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆಯವರು ಫರ್ಟಿಲಿಟಿ ಕ್ಲಿನಿಕ್ಕುಗಳಿಗೆ ಬಂದ 2,118 ಗಂಡಸರನ್ನು ನೋಡಿದರು. ಗ್ಲೈಕಾಲ್ ಈಥರ್ ಮುಟ್ಟುವ ಕೆಲಸದವರಲ್ಲಿ ಓಡಾಡುವ ವೀರ್ಯಾಣು ಕಡಿಮೆ ಇರುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು.

ಇನ್ನೊಂದು ಮಾತು. ಇವು ಚರ್ಮದ ಮೂಲಕ ಒಳಗೆ ಹೋಗುವುದರಲ್ಲಿ ಉಸ್ತಾದ್. ಥಿನ್ನರಿನಲ್ಲಿ ಕೈ ತೊಳೆಯುತ್ತೇನೆ ಅಂದಿರಲ್ಲ, ಅದನ್ನು ಇವತ್ತೇ ನಿಲ್ಲಿಸಿ. ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು.

ಬಣ್ಣದಂಗಡಿ_ದಾವಣಗೆರೆ
ಕೆಮಿಸ್ಟ್ ಸಾರ್, ಸೆಲೋಸಾಲ್ವ್ ನಮ್ಮ ಅಂಗಡಿಯಲ್ಲಿ ಇವತ್ತಿಗೂ ಲೀಟರ್ ಲೆಕ್ಕದಲ್ಲಿ ಹೋಗುತ್ತದೆ. ನೀವು ಹೇಳಿದ ಹಾಗಿದ್ದರೆ ಅರ್ಧ ದಾವಣಗೆರೆಗೆ ಮಕ್ಕಳಿರಬಾರದು.

ಜಿಗಣಿ_ಕೆಮಿಸ್ಟ್
ನೀವು ಮಾರುವುದು ಬಹುತೇಕ ಬ್ಯೂಟೈಲ್ ಸೆಲೋಸಾಲ್ವ್, ಅಂದರೆ 2-ಬ್ಯೂಟಾಕ್ಸಿಎಥನಾಲ್. ಅದು ವೃಷಣಕ್ಕೆ ಆ ರೀತಿ ಹೊಡೆಯುವುದಿಲ್ಲ. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಕೆಂಪು ರಕ್ತಕಣ ಒಡೆಯುತ್ತದೆ, ಆ ತೊಂದರೆ ಬೇರೆ. ಹೆಸರು ಅರ್ಧ ಒಂದೇ ಅಂತ ಗುಣವೂ ಒಂದೇ ಅಲ್ಲ. ಡಬ್ಬದ ಮೇಲೆ ‘ಬ್ಯೂಟೈಲ್’ ಇದೆಯಾ ನೋಡಿ ಹೇಳಿ.

ಬಣ್ಣದಂಗಡಿ_ದಾವಣಗೆರೆ
ನೋಡಿದೆ. ಬ್ಯೂಟೈಲೇ. ಸರಿ, ಒಪ್ಪಿದೆ. ಆದರೆ ಲೂಸ್ ಥಿನ್ನರ್ ಡ್ರಮ್ಮಿನಲ್ಲಿ ಬರುವುದಕ್ಕೆ ಲೇಬಲ್ಲೇ ಇರುವುದಿಲ್ಲ, ಅದರೊಳಗೆ ಏನಿದೆ ನನಗೂ ಗೊತ್ತಿಲ್ಲ. ಸತ್ಯ ಹೇಳುತ್ತಿದ್ದೇನೆ.

ಸಂಜೆ_ಸಭೆ
ಲಿವರ್ ಅದನ್ನು ಆಸಿಡ್ ಮಾಡುತ್ತದೆ ಅಂದಿರಿ. ಎಣ್ಣೆಯನ್ನೂ ಅದೇ ಲಿವರ್ ತಾನೇ ನೋಡಿಕೊಳ್ಳುವುದು? ಲಿವರನ್ನು ಎಣ್ಣೆಯಲ್ಲಿ ಬಿಜಿ ಇಟ್ಟರೆ ಆಸಿಡ್ ಆಗುವುದಿಲ್ಲ ಅಲ್ವಾ 😀

ಜಿಗಣಿ_ಕೆಮಿಸ್ಟ್
ತಮಾಷೆಗೆ ಕೇಳಿದರೂ ಪಾಯಿಂಟ್ ಸರಿ ಇದೆ! ಎರಡಕ್ಕೂ ಒಂದೇ ಎಂಜೈಮ್, ಆಲ್ಕೋಹಾಲ್ ಡಿಹೈಡ್ರೋಜಿನೇಸ್. ಎಣ್ಣೆ ಇದ್ದಷ್ಟು ಹೊತ್ತು ಗ್ಲೈಕಾಲ್ ಈಥರ್ ಕ್ಯೂನಲ್ಲಿ ನಿಂತಿರುತ್ತದೆ. ಎಣ್ಣೆ ಇಳಿದ ಮೇಲೆ ತನ್ನ ಕೆಲಸ ಮಾಡುತ್ತದೆ. ತಡ ಆಗುತ್ತದೆ, ತಪ್ಪುವುದಿಲ್ಲ. ಹೆಂಡತಿಗೆ ಈ ನೆಪ ಹೇಳಬೇಡಿ.

ಓದುಗ_577
ಇದೇನು ಹೊಸದಲ್ಲ. 1977ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಥ್ರಪ್ ಅನ್ನುವ ಊರಿನ ಫ್ಯಾಕ್ಟರಿಯಲ್ಲಿ ಡಿಬಿಸಿಪಿ ಅನ್ನುವ ಸಾಲ್ವೆಂಟಿನಿಂದ (ಥಿನ್ನರ್ ತರಹ ಕರಗಿಸುವ ದ್ರವ) ಗಂಡಸರಿಗೆ ಮಕ್ಕಳಾಗದೆ ಹೋಯಿತು. ಪತ್ತೆ ಮಾಡಿದ್ದು ಡಾಕ್ಟರಲ್ಲ. ‘ನಿನಗೂ ಇಲ್ವಾ, ನನಗೂ ಇಲ್ಲ’ ಅಂತ ಕೆಲಸಗಾರರೇ ಮಾತಾಡಿಕೊಂಡು ಕಂಡುಕೊಂಡಿದ್ದು. ಬೂತ್‌ಮನ್ ನಾಲ್ಕು ಜನರ ಲೆಕ್ಕ ಹಾಕಿದ್ದು ಓದಿ ಅದೇ ನೆನಪಾಯಿತು.

ಕೃಷಿ_ಪದವಿ
ತಿದ್ದುಪಡಿ. ಡಿಬಿಸಿಪಿ ಸಾಲ್ವೆಂಟ್ ಅಲ್ಲ, ಬೇರಿನ ಜಂತುಹುಳ ಕೊಲ್ಲಲು ಮಣ್ಣಿಗೆ ಹಾಕುವ ವಿಷ. ಅಮೆರಿಕದಲ್ಲಿ 1979ರಲ್ಲಿ ಹೆಚ್ಚುಕಡಿಮೆ ನಿಲ್ಲಿಸಿದರು, ಹವಾಯಿಯ ಅನಾನಸ್ ತೋಟಕ್ಕೆ ಮಾತ್ರ ಇನ್ನೂ ಕೆಲವು ವರ್ಷ ಬಿಟ್ಟರು. ಕೋಸ್ಟರಿಕಾ, ನಿಕರಾಗುವಾದ ಬಾಳೆ ತೋಟದವರು ಇದಕ್ಕಾಗಿ ದಶಕಗಟ್ಟಲೆ ಕೋರ್ಟಿಗೆ ಅಲೆದರು. ಕಥೆ ಸರಿ, ವಸ್ತು ಬೇರೆ.

ಓದುಗ_577
ಸರಿ ಸಾರ್, ತಪ್ಪಾಯಿತು. ಆದರೂ ಕೆಲಸಗಾರರೇ ಕಂಡುಹಿಡಿದರು ಅನ್ನುವುದು ಸರಿ ತಾನೇ?

ಕೃಷಿ_ಪದವಿ
ಅದು ಸರಿ.

ಮೈಸೂರು_ಸರ್ಕ್ಯೂಟ್
ಸಾಲ್ವೆಂಟಿನದ್ದೇ ಬೇಕಾದರೆ ಕೊರಿಯಾದ್ದು ಕೇಳಿ. ನಾನು ಎಲೆಕ್ಟ್ರಾನಿಕ್ಸ್ ಲೈನಿನಲ್ಲಿ ಇರುವುದರಿಂದ ಟ್ರೈನಿಂಗಿನಲ್ಲಿ ಹೇಳಿದ್ದರು. ಓಜೋನ್ ಪದರ ಉಳಿಸಬೇಕು ಅಂತ ಮಾಂಟ್ರಿಯಲ್ ಒಪ್ಪಂದ ಆಯಿತಲ್ಲ, ಅದಾದ ಮೇಲೆ ಬಿಡಿಭಾಗ ತೊಳೆಯುವ ಹಳೆಯ ಸಿಎಫ್‌ಸಿ ಬಿಟ್ಟು ಬೇರೆ ಏನಾದರೂ ಹುಡುಕಬೇಕಿತ್ತು. ದಕ್ಷಿಣ ಕೊರಿಯಾದ ಯಾಂಗ್‌ಸಾನ್‌ನಲ್ಲಿ ಸ್ವಿಚ್ ಜೋಡಿಸುವ ಕಡೆ 2-ಬ್ರೋಮೋಪ್ರೊಪೇನ್ ತಂದರು. ಅದರ ಬಗ್ಗೆ ಯಾರಿಗೂ ಜಾಸ್ತಿ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂದರೆ ಅಪಾಯ ಇಲ್ಲ ಅಂತ ತಿಳಿದುಕೊಂಡರು. 1995ರ ಹೊತ್ತಿಗೆ ಅಲ್ಲಿನ ಹೆಣ್ಣುಮಕ್ಕಳಿಗೆ ಒಬ್ಬರ ಹಿಂದೆ ಒಬ್ಬರಿಗೆ ಮುಟ್ಟು ನಿಂತುಹೋಯಿತು. ಆಮೇಲೆ ಗಂಡಸರನ್ನೂ ಪರೀಕ್ಷೆ ಮಾಡಿದರೆ 8 ಜನರಲ್ಲಿ 6 ಜನರ ವೀರ್ಯದಲ್ಲಿ ತೊಂದರೆ, ಅದರಲ್ಲಿ ಇಬ್ಬರಿಗೆ ವೀರ್ಯಾಣುವೇ ಇರಲಿಲ್ಲ.

ಇಲ್ಲಿ ಗಮನಿಸಿ. ಹೆಂಗಸರಿಗೆ ಮುಟ್ಟು ನಿಂತಿತು ಅಂತ ಗೊತ್ತಾಯಿತು. ಬರೀ ಗಂಡಸರೇ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ನಮ್ಮಲ್ಲಿ ಹೊರಗೆ ಕಾಣುವ ಗುರುತು ಏನೂ ಇಲ್ಲ. ಗಡ್ಡ ಬರುತ್ತದೆ, ಶಕ್ತಿ ಇರುತ್ತದೆ, ಎಲ್ಲ ಸರಿ ಇದೆ ಅಂದುಕೊಂಡಿರುತ್ತೇವೆ.

ಹುಬ್ಬಳ್ಳಿ_ಸೊಸೆ
ಮೇಲಿನ ಮಾತು ಓದಿ ಬರೆಯಬೇಕು ಅನ್ನಿಸಿತು. ನಮ್ಮವರದು ಸ್ಕ್ರೀನ್ ಪ್ರಿಂಟಿಂಗ್. ಫ್ರೇಮ್ ತೊಳೆಯುವುದು, ಇಂಕ್ ತೆಳು ಮಾಡುವುದು, ಎಲ್ಲ ಬರಿಗೈಯಲ್ಲಿ. ಐದು ವರ್ಷ ಮಕ್ಕಳಾಗಲಿಲ್ಲ. ಐದು ವರ್ಷವೂ ನಾನೇ ಆಸ್ಪತ್ರೆ. ನಳಿಕೆಗೆ ಬಣ್ಣ ಹಾಕಿ ಎಕ್ಸ್‌ರೇ ತೆಗೆಯುತ್ತಾರಲ್ಲ, ಅದರ ನೋವು ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ. ನಡುವೆ ಕುಕ್ಕೆಗೆ ಹೋಗಿ ಸರ್ಪ ಸಂಸ್ಕಾರ ಮಾಡಿಸಿದೆವು, ಘಾಟಿಯಲ್ಲಿ ನಾಗರ ಕಲ್ಲು ಇಟ್ಟು ಬಂದೆವು, ಅರಳಿ ಕಟ್ಟೆ ಸುತ್ತಿದ್ದಕ್ಕೆ ಲೆಕ್ಕ ಇಲ್ಲ. ಅತ್ತೆ ಬೇರೆ ಹೆಣ್ಣು ನೋಡುವ ಮಾತೂ ಎತ್ತಿದ್ದರು. ಅವರ ಒಂದು ಪರೀಕ್ಷೆ, ಅದೂ ನನ್ನ ಪರೀಕ್ಷೆಗಳ ಮುಂದೆ ಏನೂ ಖರ್ಚಿಲ್ಲದ್ದು, ಅದನ್ನು ಮಾಡಿಸಲು ಐದು ವರ್ಷ ಬೇಕಾಯಿತು. ‘ನನಗೇನಾಗಿದೆ’ ಅಂತಲೇ ಇದ್ದರು.

ಮಾಡಿಸಿದಾಗ ಕೌಂಟ್ ಕಡಿಮೆ, ಜೊತೆಗೆ ವೆರಿಕೋಸೀಲ್. ಆಪರೇಷನ್ ಆಯಿತು, ಅದೇ ಸಮಯಕ್ಕೆ ಅವರು ತೊಳೆಯುವ ಕೆಲಸ ಬಿಟ್ಟು ಡಿಸೈನ್ ಕಡೆ ಕೂತರು. ಒಂದು ವರ್ಷದ ಮೇಲೆ ಮಗಳು ಹುಟ್ಟಿದಳು. ಆಪರೇಷನ್ನಿಂದಲೋ, ಥಿನ್ನರ್ ಬಿಟ್ಟಿದ್ದರಿಂದಲೋ ನಮಗೆ ಗೊತ್ತಿಲ್ಲ. ಅತ್ತೆ ಸುಬ್ರಹ್ಮಣ್ಯ ಸ್ವಾಮಿ ಕೊಟ್ಟ ಮಗು ಅನ್ನುತ್ತಾರೆ. ನಾನು ವಾದ ಮಾಡಲು ಹೋಗಿಲ್ಲ.

ಲ್ಯಾಬ್_ಅಕ್ಕ
ಸೊಸೆ ಹೇಳಿದ್ದು ತುಂಬ ಮುಖ್ಯ. ಬೂತ್‌ಮನ್, ವೆರಿಕೋಸೀಲ್ ಅಂದರೆ ವೃಷಣದ ರಕ್ತನಾಳ ಊದಿಕೊಳ್ಳುವುದು. ನೂರು ಗಂಡಸರಲ್ಲಿ ಸುಮಾರು 15 ಜನರಿಗೆ ಇರುತ್ತದೆ, ಮಕ್ಕಳಾಗದೆ ಬರುವ ಗಂಡಸರಲ್ಲಿ ಇನ್ನೂ ಜಾಸ್ತಿ. ಥಿನ್ನರ್ ಹಿಂದೆ ಬಿದ್ದು ಇದನ್ನು ಬಿಡಬೇಡಿ. ಯುರಾಲಜಿಸ್ಟ್ ಹತ್ತಿರ ಹೋಗಿ, ಕೈಯಲ್ಲಿ ಪರೀಕ್ಷೆ ಮಾಡಿಸಿ, ಎಫ್‌ಎಸ್‌ಎಚ್ (ವೃಷಣವನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಮತ್ತು ಟೆಸ್ಟೋಸ್ಟೆರೋನ್ ರಕ್ತ ಪರೀಕ್ಷೆ ಕೇಳಿ. ಎಫ್‌ಎಸ್‌ಎಚ್ ಜಾಸ್ತಿ ಇದ್ದರೆ ವೃಷಣವೇ ಸೋತಿದೆ ಅಂತ ಸೂಚನೆ.

ಸಂಜೀವಿನಿ_ಲೇಹ್ಯ
45 ದಿನದಲ್ಲಿ ಕೌಂಟ್ ಡಬಲ್!! ಅಶ್ವಗಂಧ, ಶಿಲಾಜಿತ್, ಹಿಮಾಲಯದ ಗಿಡಮೂಲಿಕೆ. ಸೈಡ್ ಎಫೆಕ್ಟ್ ಇಲ್ಲ. ಇನ್‌ಬಾಕ್ಸಿಗೆ ಬನ್ನಿ.

ಇಎಂಐ_ಇರುವವನು
ಬಂದ ನೋಡಿ. ಇವನ ಲೇಹ್ಯದ ಡಬ್ಬದ ಮೇಲೂ ಏನಿದೆ ಅಂತ ಬರೆದಿರುವುದಿಲ್ಲ, ಆ ಲೂಸ್ ಥಿನ್ನರ್ ತರಹವೇ.

ನಿರ್ವಾಹಕ
ಮೇಲಿನ ಲೇಹ್ಯದವರನ್ನು ತೆಗೆದಿದ್ದೇವೆ. ಉತ್ತರ ಚೆನ್ನಾಗಿದ್ದರಿಂದ ಆ ಪೋಸ್ಟ್ ಮಾತ್ರ ಬಿಟ್ಟಿದ್ದೇವೆ.

ಗ್ಯಾರೇಜ್_ಮಗ
ಇಷ್ಟೆಲ್ಲ ಹೇಳಿದಿರಿ, ನಮ್ಮಪ್ಪನ ಐದು ಮಕ್ಕಳಿಗೆ ಯಾರೂ ಉತ್ತರ ಕೊಡಲಿಲ್ಲ.

ಮೈಸೂರು_ಸರ್ಕ್ಯೂಟ್
ಹೆಲ್ಮೆಟ್ ಇಲ್ಲದೆ 30 ವರ್ಷ ಗಾಡಿ ಓಡಿಸಿ ಬದುಕಿರುವವರೂ ಇದ್ದಾರೆ. ನಿಮ್ಮಪ್ಪ ಬಯಲಿನಲ್ಲಿ ಹೊಡೆಯುತ್ತಿದ್ದರಾ, ಮುಚ್ಚಿದ ಶೆಡ್ಡಿನಲ್ಲಾ? ದಿನಕ್ಕೆ ಎಷ್ಟು ಗಾಡಿ? ಗಾಳಿ ಆಡುವ ಕಡೆ ವಾರಕ್ಕೆ ಎರಡು ಕಾರು ಹೊಡೆಯುವುದಕ್ಕೂ ತಗಡಿನ ಡಬ್ಬದೊಳಗೆ ದಿನಕ್ಕೆ ಎಂಟು ಗಂಟೆ ಹೊಡೆಯುವುದಕ್ಕೂ ವ್ಯತ್ಯಾಸ ಇಲ್ವಾ?

ಗ್ಯಾರೇಜ್_ಮಗ
ರಸ್ತೆ ಪಕ್ಕ ಹುಣಸೆ ಮರದ ಕೆಳಗೆ. ಹ್ಮ್. ಸರಿ.

ಗಾರ್ಮೆಂಟ್ಸ್_ರಾಮನಗರ
ನಮ್ಮಲ್ಲಿ ಬಟ್ಟೆಯ ಕಲೆ ತೆಗೆಯುವ ರೂಮ್ ಇದೆ. ಗನ್ನಿನಲ್ಲಿ ದ್ರಾವಣ ಬಿಟ್ಟು ಕಲೆ ಹೊಡೆಯುವುದು. ವಾಸನೆಗೆ ತಲೆ ತಿರುಗುತ್ತದೆ ಅಂದರೆ ‘ಬೆಲ್ಲ ತಿನ್ನು’ ಅನ್ನುತ್ತಾರೆ. ಅದರಲ್ಲೂ ಇಂಥದ್ದೇ ಇರುತ್ತದಾ?

ಸೇಫ್ಟಿ_ಬಿಡದಿ
ಬೆಲ್ಲಕ್ಕೂ ಸಾಲ್ವೆಂಟಿಗೂ ಏನೂ ಸಂಬಂಧ ಇಲ್ಲ, ಈ ಮೂಢನಂಬಿಕೆ ಎಲ್ಲ ಫ್ಯಾಕ್ಟರಿಯಲ್ಲೂ ಇದೆ. ನಾನು ಸೇಫ್ಟಿ ಆಫೀಸರ್, ಗೊತ್ತಿರುವಷ್ಟು ಹೇಳುತ್ತೇನೆ.

ಒಳಗೆ ಏನಿದೆ ಅಂತ ತಿಳಿಯಲು ಎಸ್‌ಡಿಎಸ್ ಕೇಳಿ, ಸೇಫ್ಟಿ ಡೇಟಾ ಶೀಟ್. 16 ಭಾಗ ಇರುತ್ತದೆ, ಪೂರ್ತಿ ಓದಬೇಕಾಗಿಲ್ಲ. ಎರಡನೇ ಭಾಗದಲ್ಲಿ ಎಚ್360 ಅಥವಾ ಎಚ್361 ಅಂತ ಇದೆಯಾ ನೋಡಿ. ಎಚ್360 ಅಂದರೆ ಸಂತಾನ ಶಕ್ತಿಗೋ ಹೊಟ್ಟೆಯಲ್ಲಿರುವ ಮಗುವಿಗೋ ಹಾನಿ ಮಾಡಬಹುದು, 361 ಅಂದರೆ ಹಾಗೆ ಅನುಮಾನ ಇದೆ. ಪಕ್ಕದಲ್ಲಿ ಎಫ್ ಇದ್ದರೆ ಸಂತಾನ ಶಕ್ತಿ, ಡಿ ಇದ್ದರೆ ಹೊಟ್ಟೆಯ ಮಗು. ಮೂರನೇ ಭಾಗದಲ್ಲಿ ನಂಬರ್ ಇರುತ್ತದೆ, ಹೆಸರು ಎಷ್ಟೇ ಬದಲಾದರೂ ಈ ನಂಬರ್ ಬದಲಾಗುವುದಿಲ್ಲ. 109-86-4 ಮೆಥಾಕ್ಸಿಎಥನಾಲ್. 110-80-5 ಎಥಾಕ್ಸಿಎಥನಾಲ್. 111-15-9 ಅದರದ್ದೇ ಅಸಿಟೇಟ್, ಮೈಯೊಳಗೆ ಹೋದರೆ ಅದೂ ಅದೇ ಆಗುತ್ತದೆ. 75-26-3 ಆ ಕೊರಿಯಾದ್ದು. ಅಂಟಿನ ಕೆಲಸದವರು 110-54-3 ನೋಡಿಕೊಳ್ಳಿ, ಎನ್-ಹೆಕ್ಸೇನ್, ಮೊದಲು ಕೈಕಾಲಿನ ನರ ಹಿಡಿಯುತ್ತದೆ.

ಇನ್ನು ಮಾಸ್ಕ್. ಬಟ್ಟೆ ಮಾಸ್ಕ್, ಎನ್95 ಎರಡೂ ಧೂಳಿಗೆ. ಆವಿ ಅದರೊಳಗಿಂದ ಆರಾಮಾಗಿ ಬರುತ್ತದೆ. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು, ಅದೂ ತುಂಬಿದ ಮೇಲೆ ಬದಲಿಸಬೇಕು. ‘ವಾಸನೆ ಬಂದರೆ ಬದಲಿಸುತ್ತೇನೆ’ ಅನ್ನಬೇಡಿ, ಗ್ಲೈಕಾಲ್ ಈಥರಿಗೆ ವಾಸನೆ ಕಡಿಮೆ, ನಿಮಗೆ ಗೊತ್ತಾಗುವ ಹೊತ್ತಿಗೆ ಸಾಕಷ್ಟು ಒಳಗೆ ಹೋಗಿರುತ್ತದೆ. ನಿಜ ಹೇಳಬೇಕೆಂದರೆ ಮಾಸ್ಕ್ ಕೊನೆಯ ಮಾತು. ಮೊದಲು ಆ ವಸ್ತುವನ್ನೇ ಬದಲಿಸಬೇಕು. ಪ್ರೊಪೈಲೀನ್ ಗ್ಲೈಕಾಲ್ ಮೀಥೈಲ್ ಈಥರ್ ಅಂತ ಇದೆ, 107-98-2, ಆ ಕೆಲಸವನ್ನೇ ಮಾಡುತ್ತದೆ, ಈ ತೊಂದರೆ ಇಲ್ಲ. ಆಮೇಲೆ ಎಕ್ಸಾಸ್ಟ್.

ಕಾಂಟ್ರಾಕ್ಟ್_ಹುಡುಗ
ಸಾರ್ ಎಸ್‌ಡಿಎಸ್ ಕೇಳಿದರೆ ನಾಳೆಯಿಂದ ಬರಬೇಡ ಅಂತಾರೆ. ಬಿಡದಿಯ ದೊಡ್ಡ ಫ್ಯಾಕ್ಟರಿ ಮಾತು ಬೇರೆ.

ಸೇಫ್ಟಿ_ಬಿಡದಿ
ಒಪ್ಪುತ್ತೇನೆ. ಕಾಗದದಲ್ಲಿ ಹಕ್ಕು ಇದೆ. 1948ರ ಕಾರ್ಖಾನೆ ಕಾಯ್ದೆಯ 41ಸಿ ಪ್ರಕಾರ ಅಪಾಯಕಾರಿ ಪ್ರಕ್ರಿಯೆ ಅಂತ ಪಟ್ಟಿಯಲ್ಲಿರುವ ಕಡೆ ಕೆಲಸಗಾರನ ಆರೋಗ್ಯದ ದಾಖಲೆ ಇಡಬೇಕಿತ್ತು, ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಆಗಬೇಕಿತ್ತು, ದಾಖಲೆ ಕೆಲಸಗಾರನಿಗೂ ಸಿಗಬೇಕಿತ್ತು. ಆದರೆ ಆ ಕಾಯ್ದೆಯಲ್ಲಿ ಕರೆಂಟ್ ಬಳಸುವ ಕಡೆ 10 ಜನ ಇದ್ದರೆ ಕಾರ್ಖಾನೆ ಆಗುತ್ತಿತ್ತು. ಅದರ ಜಾಗಕ್ಕೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ 2020ರ ಕಾರ್ಮಿಕ ಸಂಹಿತೆಯಲ್ಲಿ ಅದನ್ನು 20 ಮಾಡಿದ್ದಾರೆ. ಹತ್ತು ಹದಿನೈದು ಜನರ ಶೆಡ್ಡುಗಳು ಈ ಲೆಕ್ಕದಲ್ಲಿ ಕಾರ್ಖಾನೆಯೇ ಅಲ್ಲ, ಪೇಂಟ್ ಹೊಡೆಯುವವರು ಜಾಸ್ತಿ ಇರುವುದು ಅಲ್ಲೇ.

ಓನರನ್ನು ಕೇಳಲು ಭಯ ಇದ್ದರೆ ಒಂದು ದಾರಿ: ಡಬ್ಬದ ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ಬ್ರ್ಯಾಂಡ್ ಥಿನ್ನರ್ ಆದರೆ ಕಂಪನಿಯ ವೆಬ್‌ಸೈಟಿನಲ್ಲೇ ಎಸ್‌ಡಿಎಸ್ ಇರುತ್ತದೆ.

ನೇಲ್_ಪಾಲಿಶ್
ಪ್ರಶ್ನೆ: ಉಗುರಿನ ಬಣ್ಣ ತೆಗೆಯುವ ಆಸಿಟೋನ್ ಕೂಡ ಇದೇ ಸಾಲಿನದ್ದಾ? ಮನೆಯಲ್ಲಿ ವಾರಕ್ಕೊಮ್ಮೆ ಬಳಸುತ್ತೇನೆ, ಗಂಡ ಈ ಚರ್ಚೆ ಓದಿ ಬಾಟಲಿ ಬಚ್ಚಿಟ್ಟಿದ್ದಾರೆ.

ಜಿಗಣಿ_ಕೆಮಿಸ್ಟ್
ಅಲ್ಲ. ಬಾಟಲಿ ವಾಪಸ್ ಇಸಿದುಕೊಳ್ಳಿ.

ಬೂತ್‌ಮನ್_ಪೀಣ್ಯ
ಎರಡು ವಾರ ಆಯಿತು, ಎಲ್ಲರಿಗೂ ಸೇರಿಸಿ ಹೇಳುತ್ತೇನೆ. ನಮ್ಮಲ್ಲಿ ಎರಡು ಥಿನ್ನರ್. ಒಂದಕ್ಕೆ ಲೇಬಲ್ ಇದೆ, ಎಸ್‌ಡಿಎಸ್ ಸಿಕ್ಕಿತು: ಟಾಲ್ವೀನ್, ಬ್ಯೂಟೈಲ್ ಅಸಿಟೇಟ್, ಮತ್ತೆ 111-15-9. ಪಕ್ಕದಲ್ಲಿ ಎಚ್360ಎಫ್‌ಡಿ. ಫೋನಿನಲ್ಲಿ ಜೂಮ್ ಮಾಡಿ ಎರಡು ಸಲ ನೋಡಿದೆ. ಇನ್ನೊಂದು ಲೂಸ್ ಡ್ರಮ್, ಅದರದ್ದು ದೇವರಿಗೇ ಗೊತ್ತು.

ಯುರಾಲಜಿಸ್ಟ್ ನೋಡಿದರು, ವೆರಿಕೋಸೀಲ್ ಇಲ್ಲ. ಎಫ್‌ಎಸ್‌ಎಚ್ ಸ್ವಲ್ಪ ಜಾಸ್ತಿ. ಈ ಸಲ ನಾನೇ ಮೊದಲು ಕೆಲಸ ಏನು ಅಂತ ಹೇಳಿದೆ, ಶೀಟು ತೋರಿಸಿದೆ. ಇದರಿಂದಲೇ ಅಂತ ಒಬ್ಬ ಮನುಷ್ಯನಲ್ಲಿ ಹೇಳುವುದು ಕಷ್ಟ, ಆದರೆ ಬಿಟ್ಟು ನೋಡಿ, ಮೂರು ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು ಟೆಸ್ಟ್ ಮಾಡೋಣ ಅಂದರು. ಅಷ್ಟರೊಳಗೆ ದುಬಾರಿ ಟ್ರೀಟ್‌ಮೆಂಟಿಗೆ ಹೋಗಬೇಡಿ ಅಂತಲೂ ಅಂದರು.

ಓನರ್ ಹತ್ತಿರ ಮಕ್ಕಳ ವಿಷಯ ಹೇಳಲು ನಾಚಿಕೆಯಾಯಿತು. ಉಸಿರಾಟ ಕಷ್ಟ ಅಂತ ಸುಳ್ಳು ಹೇಳಿ ಅಸೆಂಬ್ಲಿ ಕಡೆ ಹಾಕಿಸಿಕೊಂಡೆ. ತಿಂಗಳಿಗೆ ಎರಡು ಸಾವಿರ ಕಡಿಮೆ.

ಹುಬ್ಬಳ್ಳಿ_ಸೊಸೆ
ಹೆಂಡತಿಗೆ ಹೇಳಿದಿರಾ?

ಬೂತ್‌ಮನ್_ಪೀಣ್ಯ
ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೂರು ವರ್ಷದ ಅವಳ ಮಾತ್ರೆ ಚೀಟಿಗಳ ಫೈಲ್ ತಂದು ನನ್ನ ಮುಂದೆ ಇಟ್ಟು ಒಳಗೆ ಹೋದಳು.

ಮೈಸೂರು_ಸರ್ಕ್ಯೂಟ್
ಉಳಿದ ಮೂವರು ಪೇಂಟರುಗಳ ಕಥೆ? ನಿಮ್ಮ ಜಾಗಕ್ಕೆ ಯಾರು ಬಂದರು?

ಬೂತ್‌ಮನ್_ಪೀಣ್ಯ
ಯಾದಗಿರಿ ಕಡೆಯ ಹುಡುಗ, 21 ವರ್ಷ. ಮೊದಲ ದಿನವೇ ಥಿನ್ನರಿನಲ್ಲಿ ಕೈ ತೊಳೆಯುತ್ತಿದ್ದ, ಎಣ್ಣೆ ಬಾಟಲಿ ತಂದು ಕೊಟ್ಟೆ. ಯಾಕೆ ಅಂತ ಕೇಳಿದ, ಕೈ ಒಡೆಯುತ್ತದೆ ಅಂದೆ. ನಾಳೆ ಊಟದ ಹೊತ್ತಿಗೆ ನಾಲ್ವರನ್ನೂ ಕೂರಿಸಿ ಶೀಟು ತೋರಿಸಬೇಕು. ಕನ್ನಡದಲ್ಲಿ ಒಂದು ಪುಟ ಯಾರಾದರೂ ಬರೆದು ಕೊಡುತ್ತೀರಾ? ಅದರಲ್ಲಿ ಇರುವುದೆಲ್ಲ ಇಂಗ್ಲಿಷ್.

ಸೇಫ್ಟಿ_ಬಿಡದಿ
ಇವತ್ತು ರಾತ್ರಿ ಬರೆದು ಇಲ್ಲೇ ಹಾಕುತ್ತೇನೆ. ಲೂಸ್ ಡ್ರಮ್ಮಿನ ಫೋಟೋ ಇದ್ದರೆ ಕಳಿಸಿ.